ಚಂದ್ರ ಕೊಟ್ಟ ವಿಳಾಸ

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ತಂಗಿದವರಿಗೆ ಈ ಅನುಭವ ಉಂಟು. ಎಲ್ಲಿಂದಲೋ ವಾಲಗದ ಸದ್ದು ಬರುತ್ತದೆ. ಮದುವೆ ಯಾರ ಮನೆಯದೆಂದು ಮಾತ್ರ ತಿಳಿಯದು. ಕಳೆದ ಶತಮಾನದ ನಡುವಿನಲ್ಲಿ ಖಗೋಳ ವಿಜ್ಞಾನಿಗಳ ಪಾಡೂ ಇದೇ ಆಗಿತ್ತು. ಆಕಾಶದಿಂದ ರೇಡಿಯೋ ಅಲೆಗಳು ಬರುತ್ತಿದ್ದವು. ಅವುಗಳ ಒಡೆಯ ಯಾರೆಂಬುದೇ ಪ್ರಶ್ನೆ. (ಈ ಅಲೆ ಸದ್ದಲ್ಲ, ಬೆಳಕಿನ ಬಳಗಕ್ಕೆ ಸೇರಿದ್ದು. ಹೋಲಿಕೆಯನ್ನು ಓದುಗರು ಅಷ್ಟಕ್ಕೇ ನಿಲ್ಲಿಸಬೇಕು.)

ಅಲೆ ಉದ್ದವಾದಷ್ಟೂ ನೋಟ ಮಸಕು. ನಮ್ಮ ಗೌರಿಬಿದನೂರಿನಲ್ಲಿ 1976ರಲ್ಲಿ ನೆಲೆಗೊಂಡ ರೇಡಿಯೋ ದೂರದರ್ಶಕದ ಒಂದು ಬಾಹು 1.4 ಕಿಲೋಮೀಟರ್ ಉದ್ದ. ಆದರೂ ಅದು ಹಿಡಿದದ್ದು ಎಂಟೂವರೆ ಮೀಟರಿಗೂ ಮಿಕ್ಕ ಅಲೆಯನ್ನಾದ್ದರಿಂದ, ಸುಮಾರು ಹುಣ್ಣಿಮೆಯ ಚಂದ್ರನಷ್ಟಗಲದ ಆಕಾಶ ಅದಕ್ಕೆ ಒಂದೇ ಚುಕ್ಕೆ. ಅಷ್ಟರೊಳಗೆ ಗೆಲಾಕ್ಸಿಗಳು ಸಾವಿರಾರು. ಯಾವುದರ ಮೇಲೆ ಬೆರಳಿಡುವುದು?

1951ರಲ್ಲಿ ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ ಹಂಸ ನಕ್ಷತ್ರಪುಂಜದ ಪ್ರಬಲ ರೇಡಿಯೋ ಮೂಲವೊಂದರ ಸ್ಥಾನವನ್ನು ಬಿಗಿಯಾಗಿ ಗೊತ್ತುಮಾಡಿದರು. ಆ ಸ್ಥಾನವನ್ನು ಹಿಡಿದು ಬಾಡೆ, ಮಿಂಕೊವ್ಸ್ಕಿ ಇಬ್ಬರೂ ಪಲೋಮಾರ್‌ನ 200 ಅಂಗುಲದ ದೂರದರ್ಶಕದಿಂದ ನೋಡಿದಾಗ ಅಲ್ಲಿದ್ದದ್ದು ಬಹುದೂರದ ಒಂದು ಮಂಕು ಗೆಲಾಕ್ಸಿ. ಅವರ ವರದಿ 1954ರಲ್ಲಿ ಬಂತು. ಅದಕ್ಕೆ ಒಂದು ವರ್ಷ ಮೊದಲೇ ಜೆನಿಸನ್ ಮತ್ತು ನಮ್ಮ ದೇಶದ ಮೃಣಾಲ್ ಕುಮಾರ್ ದಾಸ್‌ಗುಪ್ತ ಇನ್ನೊಂದು ಸೋಜಿಗ ತೋರಿಸಿದ್ದರು: ಅಲೆ ಬರುತ್ತಿದ್ದುದು ಒಂದು ಕಡೆಯಿಂದಲ್ಲ, ಎರಡು ಕಡೆಯಿಂದ. ಗೆಲಾಕ್ಸಿ ಇದ್ದದ್ದು ಅವೆರಡರ ನಡುವೆ. ವಾಲಗ ಊರಿನ ಎರಡು ತುದಿಯಲ್ಲಿ, ಮದುವೆಮನೆ ನಡುಬೀದಿಯಲ್ಲಿ ಎಂದಂತಾಯಿತು!

ಹೀಗಿರುವಾಗ ನೆರವಿಗೆ ಬಂದವನು ಚಂದ್ರ. ಗಂಟೆಗೆ ಹೆಚ್ಚುಕಡಿಮೆ ತನ್ನ ಅಗಲದಷ್ಟು ಸರಿಯುವ ಅವನ ಅಂಚು ಯಾವ ಗಳಿಗೆಯಲ್ಲಿ ಎಲ್ಲಿರುತ್ತದೆಂಬುದು ಪಂಚಾಂಗಕ್ಕೆ ಗೊತ್ತು. ರೇಡಿಯೋ ಮೂಲ ಅವನ ಹಿಂದೆ ಮರೆಯಾದ ಕ್ಷಣವನ್ನೂ ಮತ್ತೆ ಹೊರಬಂದ ಕ್ಷಣವನ್ನೂ ಗುರುತಿಸಿಕೊಂಡರೆ ವಿಳಾಸ ಸಿಕ್ಕಂತೆಯೇ. ನಮ್ಮ ಶಾಸನಗಳಲ್ಲಿ ಚಂದ್ರಗ್ರಹಣದ ಉಲ್ಲೇಖ ಹಿಡಿದು ದತ್ತಿಯ ಕಾಲ ನಿರ್ಣಯಿಸುವವರಿಗೆ ಈ ಯುಕ್ತಿ ಅಪರಿಚಿತವೆನಿಸದು. 1962ರಲ್ಲಿ ಸಿರಿಲ್ ಹೆಜಾರ್ಡ್ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ಹೀಗೆಯೇ 3ಸಿ 273 ಎಂಬ ಮೂಲದ ನೆಲೆಯನ್ನು ಕಂಡುಹಿಡಿದರು. ಮರುವರ್ಷ ಅದು ಕ್ವೇಸಾರ್ ಎಂದು ಲೋಕಪ್ರಸಿದ್ಧವಾಯಿತು. ಅದನ್ನೋದಿದ ಗೋವಿಂದ ಸ್ವರೂಪರಿಗೆ ಒಂದು ಯೋಚನೆ ಹೊಳೆಯಿತು.

ಮಂಡ್ಯ, ಮದ್ದೂರಿನಿಂದ ಊಟಿಗೆ ಹೋಗುವ ನಾವು ಸಸ್ಯೋದ್ಯಾನ ನೋಡಿ ಮರಳುತ್ತೇವೆ. ಆ ಊರಿನ ಹತ್ತಿರದ ಮುತ್ತೋರೈ ಎಂಬಲ್ಲಿ ಬೆಟ್ಟದ ಇಳಿಜಾರು ಸುಮಾರು 11 ಡಿಗ್ರಿ. ಊರಿನ ಅಕ್ಷಾಂಶವೂ ಅಷ್ಟೆ. ಆ ಇಳಿಜಾರಿನಲ್ಲಿ ಮಲಗಿಸಿದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ಕಡೆ ಹೊರಳಿಸುತ್ತ ಗಂಟೆಗಟ್ಟಲೆ ಚಂದ್ರನನ್ನು ಹಿಂಬಾಲಿಸಬಹುದು. ಉದ್ದ 530 ಮೀಟರ್, ಅಗಲ 30. ಸ್ವರೂಪ್ ಮತ್ತು ತಾತಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವರ ಸಂಗಡಿಗರು ಇದನ್ನು ದೇಶದಲ್ಲೇ ಕಟ್ಟಿ 1970ರಲ್ಲಿ ಕೆಲಸಕ್ಕೆ ಹಚ್ಚಿದರು. ನನಗೆ ಇದು ಅಣೆಕಟ್ಟಿಗೆ ಕಡಮೆಯಿಲ್ಲದ ಸಾಹಸವೆನಿಸುತ್ತದೆ.

ಚಂದ್ರ ತನ್ನ ಹಾದಿಯಲ್ಲಿರುವವರ ವಿಳಾಸವನ್ನಷ್ಟೇ ಕೊಡಬಲ್ಲ. ಆದರೂ ನೂರಾರು ಮೂಲಗಳ ಸ್ಥಾನ ದೊರೆತವು. ಅವನ್ನು ಪಲೋಮಾರ್ ಆಕಾಶ ಸಮೀಕ್ಷೆಯ ಚಿತ್ರಗಳ ಮೇಲೆ ಗುರುತಿಸಿ ಹುಡುಕಿದಾಗ ಕೆಲವೆಡೆ ಗೆಲಾಕ್ಸಿ ಕಂಡಿತು, ಕೆಲವೆಡೆ ಕ್ವೇಸಾರ್. ಹಲವೆಡೆ ಏನೂ ಇಲ್ಲ. ಮನೆಯೇ ಇಲ್ಲವೆಂದಲ್ಲ, ಅದರ ದೀಪ ಆ ಫಲಕಕ್ಕೆ ಮುಟ್ಟದಷ್ಟು ದೂರ. ಚಂದ್ರನ ಮರೆ ಈ ಮೂಲಗಳ ಗಾತ್ರವನ್ನೂ ಅಳೆದುಕೊಟ್ಟಿತ್ತು. ಮಂಕಾದವು ಸಾಮಾನ್ಯವಾಗಿ ಗಾತ್ರದಲ್ಲೂ ಕಿರಿದೆಂದು 1975ರಲ್ಲಿ ಸ್ವರೂಪ್ ಮತ್ತು ವಿಜಯ ಕಪಾಹಿ ತೋರಿಸಿದರು. ವಿಶ್ವ ಎಂದೆಂದಿಗೂ ಒಂದೇ ಬಗೆಯಲ್ಲಿತ್ತು ಎನ್ನುವವರಿಗೆ ಆ ಲೆಕ್ಕ ಹೊಂದಲಿಲ್ಲ.