ಒಂದೇ ಕೃತ್ಯ, ಎರಡು ಮೊಕದ್ದಮೆ: ಮರುಶಿಕ್ಷೆಯ ನಿಷೇಧ ನಡೆದು ಬಂದ ದಾರಿ

ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯಲ್ಲಿ ಪರ್ಮಿಟ್ ಇಲ್ಲದೆ ಮರಳು ತುಂಬಿದ ಟ್ರ್ಯಾಕ್ಟರೊಂದು ರಾತ್ರಿ ಸಿಕ್ಕಿಬಿತ್ತೆನ್ನೋಣ. ಪೊಲೀಸರು ಪಂಚನಾಮೆ ಬರೆದು, ವಾಹನ ಜಪ್ತಿ ಮಾಡಿ, ಸರ್ಕಾರದ ಸ್ವತ್ತು ಕದ್ದ ಆರೋಪದ ಮೇಲೆ ಎಫ್‌ಐಆರ್ ಹಾಕುತ್ತಾರೆ. ಅದೇ ಮರಳಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅಧಿಕಾರಿ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ನ್ಯಾಯಾಲಯಕ್ಕೆ ಪ್ರತ್ಯೇಕ ದೂರು ಕೊಡಬಹುದು. ಲೋಡು ಒಂದೇ, ಚಾಲಕನೂ ಒಬ್ಬನೇ. ಮೊಕದ್ದಮೆ ಮಾತ್ರ ಎರಡು. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷಿಸುವುದನ್ನು ನಿಷೇಧಿಸುವ ಸಂವಿಧಾನದ 20(2)ನೇ ವಿಧಿ ಇದನ್ನು ತಡೆಯುವುದಿಲ್ಲವೇ? ಮರಳು ದಂಧೆಯ ದೂರುಗಳು ಮತ್ತೆ ಮತ್ತೆ ಕೇಳಿಬರುವ ಶಿಂಷಾ, ಕಾವೇರಿ ತೀರದ ತಾಲ್ಲೂಕುಗಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಎರಡು ಪ್ರಭುತ್ವಗಳ ಸಿದ್ಧಾಂತ

ಅಮೆರಿಕದಲ್ಲಿ ಈ ಪ್ರಶ್ನೆಯ ರೂಪ ಬೇರೆ. ಅಲ್ಲಿ ರಾಜ್ಯಕ್ಕೂ ಒಕ್ಕೂಟ ಸರ್ಕಾರಕ್ಕೂ ತಮ್ಮ ತಮ್ಮ ದಂಡಕಾನೂನು, ತಮ್ಮ ತಮ್ಮ ನ್ಯಾಯಾಲಯಗಳಿವೆ. ಒಂದೇ ಕೃತ್ಯ ಇಬ್ಬರು ಪ್ರಭುಗಳ ಆಜ್ಞೆಯನ್ನೂ ಮೀರುವುದರಿಂದ ಅಪರಾಧ ಎರಡಾಗುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1922ರ ಲಾಂಝಾ ಪ್ರಕರಣದಲ್ಲಿ ಹೇಳಿತು. 1959ರ ಬಾರ್ಟ್‌ಕಸ್ ಪ್ರಕರಣದಲ್ಲೂ, 2019ರ ಗ್ಯಾಂಬಲ್ ಪ್ರಕರಣದಲ್ಲೂ ಆ ನಿಲುವು ಉಳಿಯಿತು.

ನಮ್ಮ ಒಕ್ಕೂಟದಲ್ಲಿ ಈ ಸಿದ್ಧಾಂತಕ್ಕೆ ನೆಲೆಯಿಲ್ಲ. ಸಂಸತ್ತಿನ ಕಾನೂನನ್ನು ಮುರಿದವನೂ ವಿಧಾನಮಂಡಲದ ಕಾನೂನನ್ನು ಮುರಿದವನೂ ನಿಲ್ಲುವುದು ಅದೇ ಮ್ಯಾಜಿಸ್ಟ್ರೇಟರ ಮುಂದೆ. ನಮ್ಮಲ್ಲಿ ಅಪರಾಧವನ್ನು ಇಬ್ಭಾಗ ಮಾಡುವುದು ಎರಡು ಕಾಯ್ದೆಗಳು.

ರಕ್ಷಣೆಯ ಬಾಗಿಲು ಕಿರಿದಾದ ಬಗೆ

ಒಮ್ಮೆ ತೀರ್ಪಾದವನನ್ನು ಮತ್ತೆ ವಿಚಾರಣೆಗೆ ಎಳೆಯಬಾರದೆಂಬ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯ 403ನೇ ಸೆಕ್ಷನ್‌ನಲ್ಲಿಯೇ ಇತ್ತು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 26ನೇ ಸೆಕ್ಷನ್, ಒಂದು ಕೃತ್ಯ ಎರಡು ಕಾಯ್ದೆಗಳಡಿ ಅಪರಾಧವಾದರೆ ಯಾವುದರಡಿಯಾದರೂ ಮೊಕದ್ದಮೆ ಹೂಡಬಹುದು, ಆದರೆ ಒಂದೇ ಅಪರಾಧಕ್ಕೆ ಎರಡು ಬಾರಿ ದಂಡಿಸಬಾರದು ಎಂದಿತು. ಸಂವಿಧಾನದ ಕರಡಿನಲ್ಲಿ ಮೊದಲಿಗೆ ಶಿಕ್ಷೆಯ ಮಾತಷ್ಟೇ ಇತ್ತು. ಇಲಾಖಾ ಶಿಕ್ಷೆಗೆ ಒಳಗಾದ ನೌಕರ ಅದನ್ನೇ ಮುಂದೊಡ್ಡಿ ನ್ಯಾಯಾಲಯದಿಂದ ತಪ್ಪಿಸಿಕೊಂಡಾನೆಂಬ ಕಾಳಜಿಯಿಂದ ಅದಕ್ಕೆ ‘ಮೊಕದ್ದಮೆ’ಯನ್ನೂ ಸೇರಿಸಲಾಯಿತು. ಹೀಗಾಗಿ ಮೊಕದ್ದಮೆ, ಶಿಕ್ಷೆ ಎರಡೂ ಆಗಿದ್ದವನಿಗಷ್ಟೇ 20(2)ನೇ ವಿಧಿಯ ಆಸರೆ.

1949ರ ನವೆಂಬರ್‌ನಲ್ಲಿ ಜೆಡ್ಡಾದಿಂದ ಮುಂಬಯಿಗೆ ಬಂದಿಳಿದ ಮಕ್ಬೂಲ್ ಹುಸೇನ್ ಬಳಿ 107.2 ತೊಲ ಚಿನ್ನ ಸಿಕ್ಕಿತು. ಕಸ್ಟಮ್ಸ್ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡರು; ನಂತರ ವಿದೇಶಿ ವಿನಿಮಯ ಕಾಯ್ದೆಯಡಿ ಮೊಕದ್ದಮೆಯೂ ಹೂಡಲ್ಪಟ್ಟಿತು. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಆದ್ದರಿಂದ ಮೊದಲಿನದು ಮೊಕದ್ದಮೆಯೇ ಅಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮುಂದೆ ಎಸ್.ಎಲ್. ಆಪ್ಟೆ ಪ್ರಕರಣದಲ್ಲಿ ಒರೆಗಲ್ಲು ಇನ್ನಷ್ಟು ಖಚಿತವಾಯಿತು: ನೋಡಬೇಕಾದದ್ದು ಘಟನೆ ಒಂದೇ ಹೌದೋ ಎಂಬುದನ್ನಲ್ಲ, ಎರಡೂ ಅಪರಾಧಗಳ ಘಟಕಾಂಶಗಳು ಒಂದೇ ಹೌದೋ ಎಂಬುದನ್ನು.

ಮರಳಿನ ಪ್ರಕರಣಗಳು

ಈ ಒರೆಗಲ್ಲೇ ಮರಳಿಗೂ ಬಂತು. ಯಮುನಾ ತೀರದ ಮರಳು ಕಳವೂ ಸೇರಿದ್ದ ದೆಹಲಿ ಸರ್ಕಾರ ಮತ್ತು ಸಂಜಯ್ ನಡುವಿನ ಪ್ರಕರಣದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಬೇರ್ಪಡಿಸಿತು. ಪರವಾನಗಿ ಇಲ್ಲದೆ ಗಣಿಗಾರಿಕೆ ನಡೆಸುವುದು ಒಂದು ಅಪರಾಧ. ನದಿಪಾತ್ರದಲ್ಲಿರುವ ಸರ್ಕಾರದ ಮರಳನ್ನು ದುರುದ್ದೇಶದಿಂದ ಹೊತ್ತೊಯ್ಯುವುದು ಇನ್ನೊಂದು. ಮೊದಲನೆಯದಕ್ಕೆ ಅಧಿಕೃತ ಅಧಿಕಾರಿಯ ಲಿಖಿತ ದೂರು ಬೇಕು; ಕಳವಿನ ಆರೋಪದಲ್ಲಿ ಪೊಲೀಸರೇ ತನಿಖೆ ನಡೆಸಿ ವರದಿ ಸಲ್ಲಿಸಬಹುದು. 2020ರ ಡಿಸೆಂಬರ್‌ನ ಜಯಂತ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಣಿ ಇಲಾಖೆಗೆ ದಂಡ ಕಟ್ಟಿ ರಾಜಿ ಮಾಡಿಕೊಂಡರೆ ಗಣಿ ಕಾಯ್ದೆಯ ಕ್ರಮ ಮುಗಿಯುತ್ತದೆ, ಕಳವಿನ ಮೊಕದ್ದಮೆ ಉಳಿಯುತ್ತದೆ. ‘ದಂಡ ಕಟ್ಟಿದ್ದಾಯಿತು, ಕೇಸು ಮುಗಿಯಿತು’ ಎಂದು ನಂಬಿದವನಿಗೆ ಸಮನ್ಸ್ ಬರುವುದು ಹೀಗೆ.

ಕಾನೂನಿನೊಳಗೇ ಇರುವ ದಾರಿ

ನದಿಯ ಒಡಲು ಬಗೆಯುವುದನ್ನು ತಡೆಯಲು ಈ ಕಠಿಣ ನಿಲುವು ಅಗತ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಮರಳು ಬರಿದಾದರೆ ಅಂತರ್ಜಲ ಕುಸಿಯುತ್ತದೆ. ಅದರ ಬೆಲೆಯನ್ನು ಪಕ್ಕದ ಕಬ್ಬಿನ ಗದ್ದೆಯ ಕೊಳವೆಬಾವಿ ತೆರುತ್ತದೆ. ಆದರೆ ಬಲೆಗೆ ಮೊದಲು ಬೀಳುವವನು ಬಹುಪಾಲು ಕೂಲಿಗೆ ಬಂದ ಚಾಲಕ. ಎರಡು ಮೊಕದ್ದಮೆಗಳಿಗೆ ವರ್ಷಗಟ್ಟಲೆ ಅಲೆಯುವುದೇ ಅವನಿಗೆ ತೀರ್ಪಿಗೆ ಮುಂಚಿನ ಶಿಕ್ಷೆ.

ಇದಕ್ಕೆ ಪರಿಹಾರ ಸಂವಿಧಾನಕ್ಕಿಂತ ಪ್ರಕ್ರಿಯಾ ಸಂಹಿತೆಯಲ್ಲಿ ಹೆಚ್ಚು ಸ್ಪಷ್ಟವಾಗಿದೆ. 1973ರ ಸಂಹಿತೆಯ 300ನೇ ಸೆಕ್ಷನ್ ಶಿಕ್ಷೆಯಾದವನಿಗಷ್ಟೇ ಅಲ್ಲ, ಖುಲಾಸೆಯಾದವನಿಗೂ ರಕ್ಷಣೆ ಕೊಟ್ಟಿತು. ಅದೇ ವ್ಯವಹಾರದ ಬೇರೆ ಅಪರಾಧವನ್ನು, ಮೊದಲೇ ಜೊತೆಗೆ ವಿಚಾರಿಸಬಹುದಾಗಿದ್ದಲ್ಲಿ, ಆಮೇಲೆ ವಿಚಾರಿಸಲು ರಾಜ್ಯ ಸರ್ಕಾರದ ಒಪ್ಪಿಗೆ ಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಸೆಕ್ಷನ್ ಈ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದೆ. ಒಂದೇ ವ್ಯವಹಾರದ ಹಲವು ಅಪರಾಧಗಳನ್ನು ಒಟ್ಟಿಗೆ ವಿಚಾರಿಸಲು 243ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಹಾಗಾಗಿ ಗಣಿ ಅಧಿಕಾರಿಯ ದೂರು ಮತ್ತು ಪೊಲೀಸರ ವರದಿ ಎರಡನ್ನೂ ಒಂದೇ ನ್ಯಾಯಾಲಯ ಒಟ್ಟಿಗೆ ಕೈಗೆತ್ತಿಕೊಳ್ಳುವುದು ರೂಢಿಯಾಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಎರಡು ಇಲಾಖೆಗಳು ಪರಸ್ಪರ ಮಾಹಿತಿ ಹಂಚಿಕೊಂಡರೆ, ಸರ್ಕಾರಿ ಅಭಿಯೋಜಕರು ಮೊದಲ ದಿನವೇ ಇನ್ನೊಂದು ಪ್ರಕರಣದ ಸಂಗತಿಯನ್ನು ನ್ಯಾಯಾಲಯಕ್ಕೆ ತಿಳಿಸಿದರೆ ಸಾಕು. ಆಗ ನದಿಗೆ ಸಲ್ಲಬೇಕಾದ ನ್ಯಾಯ ಸಲ್ಲುತ್ತದೆ. ಆರೋಪಿ ಒಂದೇ ರಾತ್ರಿಯ ಕೃತ್ಯಕ್ಕೆ ಎರಡೆರಡು ಬಾರಿ ಕಟಕಟೆ ಹತ್ತುವುದೂ ತಪ್ಪುತ್ತದೆ.