ಕುಮಟಾ ಹತ್ತಿ ಮತ್ತು ಸವೆದುಹೋದ ಕೌದಿಗಳು

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಮಳೆ ಹೆಚ್ಚು, ಜಂಬಿಟ್ಟಿಗೆಯ ಕೆಂಪು ಮಣ್ಣು, ತಗ್ಗಿನಲ್ಲಿ ಭತ್ತದ ಗದ್ದೆ, ಅದರಾಚೆ ತೆಂಗು, ಅಡಿಕೆ. ಆದರೂ 19ನೇ ಶತಮಾನದ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ 'ಕುಮಟಾ' ಎಂದರೆ ಒಂದು ಬಗೆಯ ಹತ್ತಿ. ದಲ್ಲಾಳಿಗಳು ಆ ಹೆಸರಿನಲ್ಲೇ ದರ ಕೂಗುತ್ತಿದ್ದರು. ಹಾಗೆ ಕೂಗಿದವರಲ್ಲಿ ಹೆಚ್ಚಿನವರು ಕುಮಟಾವನ್ನು ಕಂಡವರಲ್ಲ.

ಆ ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಬಿಡಿಸಿ, ಬೀಜ ತೆಗೆದು, ಅಂಡಿಗೆ ಕಟ್ಟಿ ಎತ್ತಿನ ಬೆನ್ನಿಗೆ ಹೇರುತ್ತಿದ್ದರು. ರಸ್ತೆಗಳಾದ ಮೇಲೆ ಗಾಡಿಗಳು ಬಂದವು. ಘಟ್ಟ ಇಳಿದ ಹತ್ತಿ ಕುಮಟಾದ ಅಳಿವೆಯಲ್ಲಿ ಪತ್ತೇಮಾರಿ, ಮಚವೆಗಳಿಗೆ ಏರಿ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಂದ ದೊಡ್ಡ ಹಡಗಿನಲ್ಲಿ ಇಂಗ್ಲೆಂಡಿಗೆ. ಬೆಳೆದ ಊರಿನ ಹೆಸರು ದಾರಿಯಲ್ಲೇ ಉದುರಿ, ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು. ಯೆಮೆನ್ನಿನ ಬೆಟ್ಟಗಳ ಕಾಫಿಗೆ ಮೋಖಾ ಬಂದರಿನ ಹೆಸರು ಅಂಟಿದ್ದೂ ಹೀಗೆಯೇ. ವ್ಯಾಪಾರಕ್ಕೆ ಬೇಕಾದದ್ದು ಸರಕು ಸಿಗುವ ಜಾಗ. ಬೆಳೆದವರು ಯಾರು, ಹೊತ್ತವರು ಯಾರು ಎಂಬುದು ಅದಕ್ಕೆ ಬೇಕಿಲ್ಲ.

ಈ ಹತ್ತಿಯ ಬಗ್ಗೆ ಬರಹಕ್ಕೆ ಕೊರತೆಯಿಲ್ಲ. ಅಮೆರಿಕನ್ ತಳಿಯನ್ನು ಧಾರವಾಡದ ಮಣ್ಣಿಗೆ ತರುವ ಪ್ರಯೋಗ 1840ರ ದಶಕದಲ್ಲಿ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ನಡೆಯಿತು. ಹಾಗೆ ಬಂದದ್ದನ್ನು 'ಧಾರವಾಡ ಅಮೆರಿಕನ್' ಎಂದರು, ಮೊದಲಿದ್ದ ನಾಡ ತಳಿ 'ಕುಮಟಾ' ಎಂದೇ ಉಳಿಯಿತು. 1883ರಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಕೆನರಾ ಗೆಜೆಟಿಯರ್, ಮರುವರ್ಷ ಬಂದ ಧಾರವಾಡ ಗೆಜೆಟಿಯರ್ ತೆರೆದರೆ ಹತ್ತಿಯ ತೂಕ, ಬೆಲೆ, ರಸ್ತೆ, ಬಂದರಿನ ಲೆಕ್ಕ ಪುಟಗಟ್ಟಲೆ ಸಿಗುತ್ತದೆ.

ಇಷ್ಟು ಕಾಳಜಿಗೆ ಕಾರಣ ಕಡಲಾಚೆಗಿತ್ತು. ಲಂಕಾಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಅದನ್ನು ಬೆಳೆದು ಬಿಡಿಸುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಗಿರಣಿಗಳು ನಿಂತವು. ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಎರೆಭೂಮಿಯ ಮೇಲೂ ಅದರ ಬಾಯಿಯಂತಿದ್ದ ನಮ್ಮ ಕರಾವಳಿಯ ಮೇಲೂ ಬಿತ್ತು. ಅಲ್ಲಿಯವರೆಗೆ ಮದ್ರಾಸ್ ಇಲಾಖೆಯಲ್ಲಿದ್ದ ಉತ್ತರ ಕೆನರಾವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿ ಬೆಳೆಯುವ ಜಿಲ್ಲೆ ಒಂದು ಸರ್ಕಾರದ ಕೈಯಲ್ಲಿ, ಅದು ಸಾಗುವ ಬಂದರು ಇನ್ನೊಂದರ ಕೈಯಲ್ಲಿ ಇರಬಾರದೆಂಬುದು ಅದರ ಮುಖ್ಯ ಕಾರಣಗಳಲ್ಲೊಂದು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡಗಳು ಎರಡು ಬೇರೆ ಇಲಾಖೆಗಳಲ್ಲಿ ಒಂದು ಶತಮಾನದಷ್ಟು ಕಾಲ ಕಳೆದದ್ದರ ಹಿಂದೆ ಹತ್ತಿಯ ಅಂಡಿಗೆಯೂ ಇದೆ.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ರೈಲು ಗೋವೆಯ ಮರ್ಮಗೋವಾ ಬಂದರನ್ನು ಮುಟ್ಟಿತು. ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಬರುವ ಅಗತ್ಯ ಇಲ್ಲವಾಯಿತು. ಕುಮಟಾ ತಾನೇ ರೈಲು ನೋಡಿದ್ದು ಕೊಂಕಣ ರೈಲ್ವೆಯ ಕಾಲಕ್ಕೆ, ನೂರಕ್ಕೂ ಹೆಚ್ಚು ವರ್ಷದ ನಂತರ.

ಹತ್ತಿಯ ಕಥೆ ಇಷ್ಟು ಸಲೀಸಾಗಿ ಹೇಳಲು ಬರುವುದು ಅದನ್ನು ಬರೆದಿಟ್ಟವರಿದ್ದುದರಿಂದ. ಅದೇ ಹತ್ತಿ ದಾರವಾಗಿ, ಸೀರೆಯಾಗಿ, ಉಟ್ಟು ಹಳತಾಗಿ, ಕೊನೆಗೆ ಕೌದಿಯಾಗುತ್ತದಲ್ಲ, ಆ ಕಥೆಗೆ ಗೆಜೆಟಿಯರ್ ಇಲ್ಲ. ಅದನ್ನು ಹುಡುಕಲು ಹತ್ತಿ ಇಳಿದು ಬಂದ ಘಟ್ಟವನ್ನು ನಾವು ತಿರುಗಿ ಹತ್ತಬೇಕು.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕಾ ಮೂಲದವರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮಗಳಲ್ಲಿ ಹಂಚಿಹೋದವರು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಬಹುಮಟ್ಟಿಗೆ ಇವರು. ಆದರೆ ಈ ಕರಾವಳಿಗೆ ಆಫ್ರಿಕದವರ ಪರಿಚಯ ಪೋರ್ಚುಗೀಸರಿಗಿಂತ ಹಳೆಯದು. 1342ರ ಸುಮಾರಿಗೆ ಇಬ್ನ್ ಬತೂತಾ ಗುಜರಾತಿನ ಕಡೆಯಿಂದ ಹಡಗು ಹತ್ತಿ ಹೊನ್ನಾವರಕ್ಕೆ ಬಂದಾಗ, ಅವನ ಹಡಗಿನಲ್ಲಿ 50 ಮಂದಿ ಅಬಿಸೀನಿಯದ ಯೋಧರಿದ್ದರು. ಅವರಲ್ಲೊಬ್ಬನಿದ್ದರೂ ಸಾಕು, ಕಡಲ್ಗಳ್ಳರು ಆ ಹಡಗಿನ ಹತ್ತಿರ ಸುಳಿಯುವುದಿಲ್ಲ ಎನ್ನುವ ಅರ್ಥದ ಮಾತನ್ನು ಅವನು ದಾಖಲಿಸಿದ್ದಾನೆ. ಕಾವಲುಗಾರರಾಗಿ, ನಾವಿಕರಾಗಿ ಬಂದವರೂ ಇದ್ದರು ಎಂಬುದನ್ನು ಇದು ನೆನಪಿಸುತ್ತದೆ.

ಅದೇ ಪ್ರವಾಸಿ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದ. ಇಲ್ಲಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಉದ್ದನೆಯ ವಸ್ತ್ರವನ್ನು ಸೊಂಟಕ್ಕೆ ಸುತ್ತಿ ಮಿಕ್ಕದ್ದನ್ನು ತಲೆ, ಭುಜಕ್ಕೆ ಹೊದೆಯುತ್ತಾರೆ ಎಂದೂ ಬರೆದ. ಹೊಲಿಯದ ಆ ಉದ್ದ ವಸ್ತ್ರ, ಎಂದರೆ ಸೀರೆ, ನಮ್ಮ ಕೌದಿಯ ಕಥೆಗೆ ಮುಖ್ಯ. ಕತ್ತರಿ ಕಾಣದ ಬಟ್ಟೆ ಹಳತಾದಾಗಲೂ ಇಡಿಯಾಗಿಯೇ ಇರುತ್ತದೆ. ಕೌದಿಗೆ ಬೇಕಾದ ಅಗಲದ ತಳ ಹಾಗೆ ಸಿಕ್ಕಿತು.

ಭಟ್ಕಳದ ಪಾಲೂ ಇದೆ. ವಿಜಯನಗರದ ಕುದುರೆಗಳು ಇಳಿಯುತ್ತಿದ್ದ, ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದ ಬಂದರು ಅದು. 1502ರಲ್ಲಿ ವಾಸ್ಕೋ ಡ ಗಾಮ ಅದರ ಮೇಲೆ ಬಿದ್ದು ಅಕ್ಕಿಯನ್ನು ಕಪ್ಪವಾಗಿ ಕೇಳಿದ. ಈ ಕಡಲ ದಾರಿಯನ್ನು ಬಲದಿಂದ ಹಿಡಿದುಕೊಂಡವರೇ ಮುಂದೆ ಗೋವೆಯಲ್ಲಿ ಗುಲಾಮರ ಪೇಟೆ ನಡೆಸಿದರು. ಕುಮಟಾದ ಬಂದರು ಘಟ್ಟದ ಹತ್ತಿಯನ್ನು ಹೊರಗೆ ಕಳಿಸಿತು. ಹೊನ್ನಾವರ, ಭಟ್ಕಳಗಳ ಕಡಲು ಹೊರಗಿನ ಜನರನ್ನು ಈ ಕಡೆ ತಂದಿತ್ತು. ಹತ್ತಿಯೂ ಜನರೂ ಸೇರಿದ್ದು ಕೌದಿಯಲ್ಲಿ.

ಘಟ್ಟದ ಮೇಲೆ, ಬಯಲುಸೀಮೆಯಲ್ಲಿ 'ಕೌದಿ' ಎನ್ನುವುದನ್ನು ಸಿದ್ದಿಯರು 'ಕವಂದಿ' ಎನ್ನುತ್ತಾರೆ. 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯಲ್ಲಿರುವ ಬೊಂತೆಯೂ ಇದರ ಬಳಗವೇ. ಮರಾಠಿಯ ಗೋಧಡಿ, ಬಂಗಾಳದ ಕಾಂಥಾ ಎಲ್ಲವೂ ಹಳೆ ಬಟ್ಟೆಯ ಪದರಗಳನ್ನು ಟಾಕು ಹಾಕಿ ಒಂದು ಮಾಡಿದವು. ಕವಂದಿ ಇವುಗಳಿಂದ ಬೇರೆಯಾಗುವುದು ಹೊಲಿಯುವ ಕ್ರಮದಲ್ಲಿ.

ಆ ಕ್ರಮ ಎಷ್ಟು ಜಾಣತನದ್ದು ಎಂದು ತಿಳಿಯಲು ಇಂದಿನ ಯಂತ್ರವೊಂದನ್ನು ಪಕ್ಕಕ್ಕಿಟ್ಟು ನೋಡಬಹುದು. ಅಮೆರಿಕದಲ್ಲಿ ಕೌದಿ ಹೊಲಿಯಲು ಲಾಂಗ್‌ಆರ್ಮ್ ಎಂಬ ಯಂತ್ರವಿದೆ. ಹೊಸದು ದುಬಾರಿಯಾದ್ದರಿಂದ ಹವ್ಯಾಸಿಗಳು ಹಳೆಯದನ್ನು ಕೊಳ್ಳುವುದುಂಟು. ಕೊಂಡವರು ಮೊದಲು ಕಲಿಯಬೇಕಾದದ್ದು ಹೊಲಿಗೆಯನ್ನಲ್ಲ, ಬಟ್ಟೆ ಹೇರುವುದನ್ನು. ಉದ್ದನೆಯ ಉರುಳೆಗಳಿಗೆ ಅಂಟಿಕೊಂಡ ಕ್ಯಾನ್ವಾಸ್ ಪಟ್ಟಿಗಳಿರುತ್ತವೆ. ತಳದ ಬಟ್ಟೆಯ ಎರಡು ಅಂಚುಗಳನ್ನು, ನಡುವಿಗೆ ನಡು ಸೇರಿಸಿ, ಆ ಪಟ್ಟಿಗಳಿಗೆ ಪಿನ್ನು ಚುಚ್ಚಿ ಸುತ್ತಬೇಕು. ತಳದ ಬಟ್ಟೆ ಮೇಲಿನದಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳಿಗೂ ಹೆಚ್ಚು ದೊಡ್ಡದಿರಬೇಕು. ಅದರ ಮೇಲೆ ಹತ್ತಿಯ ಪದರ, ಅದರ ಮೇಲೆ ಮೊದಲೇ ಜೋಡಿಸಿ ಹೊಲಿದ ಚಿತ್ತಾರದ ಬಟ್ಟೆ. ತೀರಾ ಬಿಗಿದರೆ ಬಟ್ಟೆ ಎಳೆದುಕೊಳ್ಳುತ್ತದೆ, ಸಡಿಲ ಬಿಟ್ಟರೆ ನೆರಿಗೆ ಬೀಳುತ್ತದೆ. ನೆರಿಗೆ ಬೀಳುವುದು ಹಿಂಬದಿಯಲ್ಲಿ, ಹೆಚ್ಚಾಗಿ ಕಣ್ಣಿಗೆ ಬೀಳುವುದು ಎಲ್ಲ ಮುಗಿದು ಬಿಚ್ಚಿದ ಮೇಲೆ. ಇಷ್ಟೆಲ್ಲ ಸರಂಜಾಮಿನ ಗುರಿ ಒಂದೇ: ಪದರಗಳು ಒಂದರ ಮೇಲೊಂದು ಜಾರಬಾರದು.

ಸಿದ್ದಿ ಹೆಂಗಸಿಗೆ ಉರುಳೆಯೂ ಇಲ್ಲ, ಚೌಕಟ್ಟೂ ಇಲ್ಲ. ಹಳೆಯ ಸೀರೆಯನ್ನು ನೆಲದ ಮೇಲೆ ಹಾಸುತ್ತಾಳೆ. ಒಂದು ಮೂಲೆಯಿಂದ ಶುರುಮಾಡಿ, ಅಂಚು ಒಳಮಡಚಿ, ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಇಡುತ್ತಾ ಟಾಕು ಹಾಕುತ್ತಾ ಹೋಗುತ್ತಾಳೆ. ಅಂಚಿನಗುಂಟ ಒಂದು ಸುತ್ತು ಮುಗಿದರೆ ಅದರ ಒಳಗೆ ಮತ್ತೊಂದು ಸುತ್ತು. ಹೊರಗಿನಿಂದ ನಡುವಿನತ್ತ. ಪಾಶ್ಚಾತ್ಯ ಕೈಹೊಲಿಗೆಯ ಸಾಮಾನ್ಯ ನಿಯಮ ಇದಕ್ಕೆ ತಿರುಗಾಮುರುಗಾ: ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಸಡಿಲವೆಲ್ಲ ಅಂಚಿಗೆ ಸರಿದುಹೋಗಲಿ ಎಂದು. ಕವಂದಿಯ ಕ್ರಮದಲ್ಲಿ ಸಡಿಲವೆಲ್ಲ ನಡುವಿಗೆ ಬಂದು ಗುಡ್ಡೆಯಾಗಬೇಕಿತ್ತು. ಆಗುವುದಿಲ್ಲ. ಏಕೆಂದರೆ ಮೇಲಿನ ಬಟ್ಟೆ ಮೊದಲೇ ಸಿದ್ಧವಾಗಿರುವುದಿಲ್ಲ. ಪ್ರತಿ ತುಂಡನ್ನೂ ಆಯಾ ಜಾಗದ ಸಡಿಲ ನೋಡಿಕೊಂಡೇ ಇಡುತ್ತಾರೆ. ಯಂತ್ರ ಎಳೆದು ಬಿಗಿದು ಸಾಧಿಸುವುದನ್ನು ಇಲ್ಲಿ ಕಣ್ಣಳತೆ ಸಾಧಿಸುತ್ತದೆ.

ಸಾಂಪ್ರದಾಯಿಕವಾಗಿ ಒಳಗೆ ಬೇರೆ ಹತ್ತಿ ತುಂಬುವುದಿಲ್ಲ. ತುಂಡಿನ ಮೇಲೆ ತುಂಡು ಕೂತೇ ದಪ್ಪವಾಗುತ್ತದೆ. ಸೀರೆ, ರವಿಕೆ, ಲಂಗ, ಅಂಗಿ, ಮನೆಯವರೆಲ್ಲರ ಮೈ ಸೋಕಿದ ಬಟ್ಟೆ. ಕ್ರೈಸ್ತ ಮನೆಗಳ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆ ಮೂಡುತ್ತದೆ, ಮುಸ್ಲಿಂ ಮನೆಗಳದರಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ 'ಫುಲ್ಲ', ಅಂದರೆ ಹೂವು, ಇಡಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎನ್ನುತ್ತಾರೆ. ನಡುವಿನ ಕೊನೆಯ ತುಂಡಿನ ಕೆಳಗೆ ಕೆಲವರು ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯುತ್ತಾರೆ, ಹೊಟ್ಟೆ ಖಾಲಿ ಇರಬಾರದೆಂದು. ಹಸಿವು ಬಲ್ಲ ಮನೆಗಳ ಪದ್ಧತಿ ಅದು.

ಈ ಕವಂದಿಗಳು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು ತೀರಾ ಈಚೆಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2000ದ ದಶಕದಲ್ಲಿ ಇಲ್ಲಿಗೆ ಬಂದು ಇವನ್ನು ಅಭ್ಯಾಸ ಮಾಡಿದರು. ಹೊಲಿಯುವ ಹೆಂಗಸರ ಸಹಕಾರಿ ಗುಂಪೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅದಕ್ಕೂ ಮೊದಲು, 2002ರಲ್ಲಿ, ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳು ಅಮೆರಿಕದ ದೊಡ್ಡ ಸಂಗ್ರಹಾಲಯಗಳ ಗೋಡೆ ಏರಿದ್ದವು. ಆ ಹೆಂಗಸರು ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು. 1861ರಲ್ಲಿ ಅಂಥ ತೋಟಗಳ ಹತ್ತಿ ನಿಂತಾಗಲೇ ಕುಮಟಾ ಹತ್ತಿಯ ಬೆಲೆ ಏರಿತ್ತು. ಒಂದೇ ಪೇಟೆಯ ಎರಡು ತುದಿಗಳ ಸಮೀಪ, ಆಫ್ರಿಕದಿಂದ ಹೊತ್ತು ತಂದ ಜನರ ಮಕ್ಕಳು, ಒಬ್ಬರನ್ನೊಬ್ಬರು ಅರಿಯದೆ, ಸವೆದ ಬಟ್ಟೆ ಜೋಡಿಸಿ ಚಳಿ ಕಳೆಯುತ್ತಿದ್ದರು.

ಸಂಗ್ರಹಾಲಯದಲ್ಲಿರುವ ಕವಂದಿಗಳೆಲ್ಲ ಬಹುಪಾಲು ಹೊಸವೇ. ನೂರು ವರ್ಷದ ಕವಂದಿ ನೋಡಲು ಸಿಗುವುದು ಅಪರೂಪ, ಏಕೆಂದರೆ ಅದು ಉಳಿಯಲೆಂದು ಮಾಡಿದ್ದಲ್ಲ. ಮಳೆಗಾಲದ ರಾತ್ರಿಗಳಲ್ಲಿ ಹೊದೆದು, ಬೇಸಿಗೆಯಲ್ಲಿ ಒಗೆದು, ಹರಿದಲ್ಲಿ ತೇಪೆ ಹಾಕಿ, ಇನ್ನಾಗದು ಎಂದಾಗ ಇನ್ನೊಂದರ ಒಳಪದರವಾಗಿ ಮುಗಿಯುತ್ತದೆ. ಚೆನ್ನಾಗಿ ಕೆಲಸಕ್ಕೆ ಬಂದದ್ದರಿಂದಲೇ ಅಳಿದುಹೋದ ದಾಖಲೆ ಅದು. ಒಂದೇ ಘಟ್ಟದಲ್ಲಿ ಇಳಿದ ಹತ್ತಿಯ ತೂಕ ನಮಗೆ ಗೊತ್ತು, ಅಲ್ಲೇ ಹೊಲಿದ ಕೌದಿ ಎಷ್ಟೆಂದು ಕೇಳಿದವರಿಲ್ಲ.

ಇದು ಬರೀ ಕುತೂಹಲದ ಮಾತಲ್ಲ. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಕಾಡುವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸಕ್ಕೆ ಪುರಾವೆ ಕೇಳುತ್ತದೆ. ಉತ್ತರ ಕನ್ನಡದಲ್ಲಿ ಎಷ್ಟೋ ಅರ್ಜಿಗಳು ಪುರಾವೆ ಸಾಲದೆಂದು ತಿರಸ್ಕೃತವಾಗಿವೆ. ಕಾಗದ ಇಲ್ಲದವರು ಇಲ್ಲಿ ಇದ್ದೇ ಇಲ್ಲವೆಂಬಂತೆ ಕಡತಗಳು ಮಾತಾಡುತ್ತವೆ. ಇತಿಹಾಸ ಬರೆಯುವವರೂ ಕಾಗದವನ್ನೇ ನಂಬಿ ಕೂತರೆ ಆ ಮಾತಿಗೆ ದನಿಗೂಡಿಸಿದಂತೆ.

ಈಗ ಪಾಲಿಯೆಸ್ಟರ್ ಸೀರೆಯ ಕಾಲ. ಅದು ಸವೆಯುವುದಿಲ್ಲ, ಮೈಗೆ ಬೆಚ್ಚಗೂ ಆಗುವುದಿಲ್ಲ. ಸಂತೆಯಲ್ಲಿ ಅಗ್ಗದ ರಗ್ಗು ಸಿಗುತ್ತದೆ. ಕೌದಿ ಹೊಲಿಯುವ ಕೈಗಳು ಮನೆಗಳಲ್ಲಿ ಕಡಿಮೆಯಾಗುತ್ತಿವೆ, ಮಾರಾಟಕ್ಕೆ ಹೊಲಿಯುವವು ಅಲ್ಲಲ್ಲಿ ಉಳಿದಿವೆ. ಆದರೂ ಉತ್ತರ ಕನ್ನಡ, ಧಾರವಾಡ, ಬೆಳಗಾವಿಯ ಅನೇಕ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಒಂದಾದರೂ ಕೌದಿ ಇದ್ದೀತು. ಇತಿಹಾಸ ಓದುವ ಹುಡುಗ ಹುಡುಗಿಯರು ರಜೆಗೆ ಊರಿಗೆ ಹೋದಾಗ ಅದನ್ನು ಅಂಗಳದಲ್ಲಿ ಬಿಡಿಸಿ ಹಾಸಿ, ಅಜ್ಜಿಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಹೊಲಿದವರು ಯಾರು, ಯಾವ ವರ್ಷ, ಈ ತುಂಡು ಯಾರ ಸೀರೆಯದು, ಅದನ್ನು ಯಾವ ಸಂತೆಯಲ್ಲಿ ಕೊಂಡಿದ್ದು, ಹೊಲಿಗೆ ಯಾವ ಮೂಲೆಯಿಂದ ಶುರುವಾಯಿತು ಎಂದು ಕೇಳಿ, ತಾರೀಕು ಹಾಕಿ ಬರೆದಿಡಲಿ. ಹೇಳುವವರು ಇನ್ನೂ ಇರುವಾಗಲೇ ಆಗಬೇಕಾದ ಕೆಲಸ ಇದು.