ಸಿ ವಿಭಾಗದ ಹಾಜರಿ ಪುಸ್ತಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನಾನು ಕೇಳಿದ್ದು ಹಳೆಯ ಹಾಜರಿ ಪುಸ್ತಕಗಳನ್ನು. ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರ ವಿಷಯ ಬೇರೆಯವರು ಬರೆಯುತ್ತಾರೆ. ಇಲ್ಲಿ ಹತ್ತೊಂಬತ್ತು ವರ್ಷ ಗಣಿತ ಕಲಿಸಿದ ನನಗೆ ಗೊತ್ತಿರುವ ಇತಿಹಾಸವೆಂದರೆ ಯಾರು ಪಾಸಾದರು, ಯಾರು ನಡುವೆ ಬಿಟ್ಟರು ಎಂಬ ಲೆಕ್ಕ.

ಈ ಲೆಕ್ಕದ ಬಾಕಿ ಹಳೆಯದು. 1918ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವ ದಾರಿ ಹುಡುಕಲು ಮಿಲ್ಲರ್ ಸಮಿತಿ ನೇಮಿಸಿದರು. ಅದೇ ವರ್ಷ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ಉರ್ದು ಬಲ್ಲವರಿಗೆ ಅದು ವರವೇ ಸರಿ. ನಮ್ಮ ರಾಯಚೂರು ಸೀಮೆಯ ಕನ್ನಡದ ಹುಡುಗನಿಗೆ ಮಾತ್ರ ಮೇಲಿನ ಓದೆಂದರೆ ಮೊದಲು ಇನ್ನೊಂದು ಭಾಷೆ ದಾಟಬೇಕು. ನನ್ನ ತಂದೆ ಅಲ್ಲಿಗೇ ನಿಂತರು. 1956ರಲ್ಲಿ ರಾಜ್ಯ ಒಂದಾದರೂ ಅಂತರ ಉಳಿಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುಲಬರ್ಗಾ ವಿಭಾಗದವು.

ಇದು ಸರ್ಕಾರದ ಮಾತಾಯಿತು. ಶಾಲೆಯೊಳಗೆ ನಾವೇ ಒಂದು ಗೋಡೆ ಕಟ್ಟಿದ್ದೆವಲ್ಲ! ಎಂಟನೆಯ ತರಗತಿಗೆ ಸೇರುವಾಗಲೇ ಅಂಕ ನೋಡಿ ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದೆವು. ಎ ವಿಭಾಗಕ್ಕೆ ನಾನು. ಸಿ ವಿಭಾಗಕ್ಕೆ ಆ ವರ್ಷ ಯಾರು ಹೊಸದಾಗಿ ಬಂದರೋ ಅವರು. ಫಲಿತಾಂಶ ಕೆಡಬಾರದೆಂದು ಸಿ ವಿಭಾಗದ ಕೆಲವರನ್ನು ಒಂಬತ್ತರಲ್ಲೇ ಉಳಿಸುತ್ತಿದ್ದೆವು. ಹಾಗೆ ಉಳಿದವರು ಜೂನ್‌ನಲ್ಲಿ ಮರಳಿ ಬರುತ್ತಿರಲಿಲ್ಲ. ನಾನೂ ಆ ಪಟ್ಟಿಗೆ ಸಹಿ ಹಾಕಿದ್ದೇನೆ.

ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿಯವರು ಒಂದು ವರ್ಷ, "ಸರ್, ಈ ಸಲ ನೀವು ಸಿಗೆ ಹೋಗ್ರಿ" ಎಂದರು. ನನಗೆ ಅವಮಾನವಾದಂತಾಯಿತು, ಒಂದು ವಾರ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಹೋಗಿ ನೋಡಿದರೆ ಅರ್ಧ ಮಕ್ಕಳಿಗೆ ಭಾಗಾಕಾರವೇ ಬಾರದು. ದಡ್ಡರೆಂದುಕೊಂಡೆ. ಡಿಸೆಂಬರ್ ಹೊತ್ತಿಗೆ ಹಾಜರಿ ಪುಸ್ತಕ ತಿರುವಿದಾಗ ತಿಳಿಯಿತು: ಹತ್ತಿ ಬಿಡಿಸುವ ತಿಂಗಳುಗಳ ತುಂಬ ಗೈರು. ನಾನು ಪಾಠ ಮಾಡಿದ ದಿನ ಅವರು ಹೊಲದಲ್ಲಿದ್ದರು, ಪ್ರತಿ ವರ್ಷವೂ.

ಜನವರಿಯಿಂದ ಸಂಜೆ ಮತ್ತೆ ಮೊದಲಿನಿಂದ ಹೇಳಿಕೊಡತೊಡಗಿದೆ. ಹುಡುಗರು ನಿಂತರು, ಹುಡುಗಿಯರು ನಿಲ್ಲಲಿಲ್ಲ. ಕೊನೆಯ ಬಸ್ಸು ಐದಕ್ಕೆ. 2006-07ರಲ್ಲಿ ಎಂಟನೆಯ ತರಗತಿಗೆ ಸೈಕಲ್ ಬಂದಾಗ ಅದೂ ಸ್ವಲ್ಪ ಬಿಡಿಸಿತು. ಸೈಕಲ್ಲಿನ ಚೈನು ಮಾತ್ರ ದಿನಕ್ಕೊಂದು ಕಳಚುತ್ತಿತ್ತು, ಹಾಕಿಕೊಡುವ ಕೆಲಸ ನನ್ನದೇ. ಮರುವರ್ಷ ಪ್ರೌಢಶಾಲೆಗೂ ಅಕ್ಷರ ದಾಸೋಹದ ಬಿಸಿಯೂಟ ವಿಸ್ತರಿಸಿತು; ಮಧ್ಯಾಹ್ನದ ನಂತರದ ಹಾಜರಿ ಬೇರೆಯೇ ಆಯಿತು. ಆ ಹೊತ್ತಿಗೆ ವಿಭಾಗಗಳನ್ನೂ ಬೆರೆಸಿದ್ದೆವು. ಎಲ್ಲರೂ ಪಾಸಾದರೆಂದು ಬರೆದರೆ ಸುಳ್ಳಾದೀತು. ಆದರೆ ಒಂಬತ್ತರಲ್ಲಿ ಉಳಿಸುವ ಪಟ್ಟಿ ನಿಂತಿತು.

ಹಳೆಯ ಪುಸ್ತಕಗಳಲ್ಲಿ ಕೆಂಪು ಗೆರೆ ಎಳೆದ ಹೆಸರುಗಳಿವೆ. ಅವರಲ್ಲಿ ಕೆಲವರು ಇದೇ ಊರಲ್ಲಿದ್ದಾರೆ. ಒಬ್ಬನ ಅಂಗಡಿಯಲ್ಲೇ ನಾನು ದಿನಾ ಚಹಾ ಕುಡಿಯುವುದು. ಹಳೆಯ ವಿದ್ಯಾರ್ಥಿಗಳಿಗೆ ಆಮಂತ್ರಣ ಕಳಿಸುವಾಗ ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯನ್ನಷ್ಟೇ ನೋಡಬೇಡಿ ಎಂದು ಸಮಿತಿಗೆ ಹೇಳಿದ್ದೇನೆ. ಆ ಹೆಸರುಗಳನ್ನು ಬರೆದೂ ಕೊಟ್ಟಿದ್ದೇನೆ.